ಟ್ರಾನ್ ಚಿತ್ರದ ‘ಬಿಟ್’ ಕಾಗದದಲ್ಲಿ: ಕೊನೆಯ ಪಿರಮಿಡ್ ಕೂರುತ್ತಿಲ್ಲ

ಪ್ರಶ್ನೆ:

1982ರ ‘ಟ್ರಾನ್’ ಚಿತ್ರದಲ್ಲಿ ‘ಹೌದು’, ‘ಇಲ್ಲ’ ಎರಡೇ ಮಾತಾಡುವ ಬಿಟ್ ಎಂಬ ಪಾತ್ರ ಇದೆಯಲ್ಲ, ಅದರ ನೀಲಿ ರೂಪವನ್ನು ಕಾರ್ಡ್‌ಶೀಟಿನಲ್ಲಿ ಮಾಡಬೇಕು. ಅಗಲ 12 ಸೆಂ.ಮೀ. ಇದ್ದರೆ ಸಾಕು. ನೆಟ್‌ನಲ್ಲಿ ಸಿಕ್ಕ ನಕ್ಷೆಯ ಪ್ರಕಾರ 20 ತಗ್ಗು ಪಿರಮಿಡ್‌ಗಳನ್ನು ಐಕೋಸಾಹೆಡ್ರನ್ (20 ಸಮಬಾಹು ತ್ರಿಕೋನ ಮುಖಗಳ ಘನ) ಆಗಿ ಜೋಡಿಸಬೇಕು. 19 ಕೂತಿವೆ, ಕೊನೆಯದಕ್ಕೆ ಉಳಿದ ತೂತು ಸುಮಾರು 2 ಮಿ.ಮೀ. ಚಿಕ್ಕದು. ಐದೈದು ಸೇರುವ ಮೂಲೆಗಳಲ್ಲಿ ಗಂಟು ಕಟ್ಟಿದಂತೆ ಉಬ್ಬಿದೆ. ಕಾಗದ 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ), ಅಂಟು ಫೆವಿಕಾಲ್. ನಕ್ಷೆಯ ಹಂಗಿಲ್ಲದೆ ಕೈವಾರದಲ್ಲೇ ಬರೆಯಲು ಅಳತೆ ಇದ್ದರೆ ಕೊಡಿ. ಕೆಂಪು ಮುಳ್ಳಿನ ರೂಪಕ್ಕೂ ಬೇಕು.

ಉತ್ತರ 1:

ಈ ಆಕಾರದ ಹೆಸರು ಸ್ಮಾಲ್ ಟ್ರಯಾಂಬಿಕ್ ಐಕೋಸಾಹೆಡ್ರನ್. ಕೈವಾರದಲ್ಲಿ ಬರೆಯುವುದು ಸುಲಭ. ತಳದ ಅಂಚು 1 ಎಂದುಕೊಂಡರೆ ಪಿರಮಿಡ್ಡಿನ ಓರೆ ಅಂಚು (ತಳದ ಮೂಲೆಯಿಂದ ತುದಿಗೆ) 0.632. ನಿಮ್ಮ ಗಾತ್ರಕ್ಕೆ ತಳ 60 ಮಿ.ಮೀ., ಓರೆ ಅಂಚು 37.9 ಮಿ.ಮೀ. ಇಟ್ಟುಕೊಳ್ಳಿ. 37.9 ತ್ರಿಜ್ಯದ ವೃತ್ತ ಬರೆದು, ಅದರ ಮೇಲೆ 60ರ ಜ್ಯಾವನ್ನು ಒಂದರ ಪಕ್ಕ ಒಂದರಂತೆ ಮೂರು ಸಲ ಗುರುತಿಸಿ. ನಾಲ್ಕೂ ಬಿಂದುಗಳನ್ನು ಕೇಂದ್ರಕ್ಕೆ ಎಳೆದರೆ ಮೂರು ತ್ರಿಕೋನ ಸಿಗುತ್ತವೆ, ಸುಮಾರು 46.6 ಡಿಗ್ರಿಯ ಬಾಯಿ ಉಳಿಯುತ್ತದೆ. ಆ ಬಾಯಿಯ ಒಂದು ಬದಿಗೆ ಅಂಟುಪಟ್ಟಿ, ಮೂರು ತಳದ ಅಂಚುಗಳಿಗೂ 6 ಮಿ.ಮೀ. ಪಟ್ಟಿ. ಎ4 ಹಾಳೆಯಲ್ಲಿ ಆರು ಸಲೀಸಾಗಿ ಹಿಡಿಯುತ್ತವೆ, ನಾಲ್ಕು ಹಾಳೆಗೆ ಮುಗಿಯಿತು. ಮುಗಿದ ಮಾದರಿ ತುದಿಯಿಂದ ತುದಿಗೆ 121–122 ಮಿ.ಮೀ. ಬರುತ್ತದೆ.

ಅಂಟಿಸಿದ ಪಿರಮಿಡ್ಡನ್ನು ಮೇಜಿನ ಮೇಲಿಟ್ಟು ಎತ್ತರ ನೋಡಿ, 15.5 ಇರಬೇಕು. ಆದರೆ ತ್ರಿಜ್ಯ ಅರ್ಧ ಮಿ.ಮೀ. ಹೆಚ್ಚುಕಮ್ಮಿಯಾದರೆ ಕೆಡುವುದು ನೋಟ ಮಾತ್ರ. ಕೊನೆಯದು ಕೂರುವುದು ಬಿಡುವುದು ತಳದ 60ರ ಮೇಲೆ ನಿಂತಿದೆ. 60 ಅಂಚುಗಳೂ ಒಂದೇ ಸಮ 59 ಆಗಿದ್ದರೂ ತಕರಾರಿಲ್ಲ. ಕೆಲವು 59, ಕೆಲವು 60 ಆದರೆ ವ್ಯತ್ಯಾಸವೆಲ್ಲ ಕೊನೆಯ ತೂತಿನಲ್ಲಿ ಬಂದು ಕೂರುತ್ತದೆ. ಪ್ರಿಂಟ್ ತೆಗೆದಿದ್ದರೆ ಎಲ್ಲ ಹಾಳೆಗಳೂ 100% ಅಳತೆಯಲ್ಲೇ ಬಂದಿವೆಯೇ ನೋಡಿ. ಒಂದು ಹಾಳೆ ‘ಪುಟಕ್ಕೆ ಹೊಂದಿಸು’ ಆಯ್ಕೆಯಲ್ಲಿ ಹೋಗಿದ್ದರೂ ಸಾಕು, ಕತೆ ಕೆಟ್ಟಿತು.

ಉತ್ತರ 2:

ಅಳತೆಗಿಂತ ಆ ಗಂಟುಗಳ ಮೇಲೆ ನನಗೆ ಅನುಮಾನ. ಒಂದು ಮೂಲೆಗೆ ಐದು ಜೋಡಣೆ, ಪ್ರತಿಯೊಂದರಲ್ಲೂ ಎರಡು ಪಟ್ಟಿ, ಅಂದರೆ ಹತ್ತು ಪದರ. ಪಟ್ಟಿಗಳ ತುದಿಯನ್ನು ಚೌಕವಾಗಿಯೇ ಬಿಟ್ಟರೆ ಅವು ಒಳಗೆ ಒಂದನ್ನೊಂದು ತಳ್ಳುತ್ತವೆ, ಜೋಡಣೆಗಳು ಕೂದಲೆಳೆಯಷ್ಟು ಬಾಯಿ ಬಿಡುತ್ತವೆ, ಇಪ್ಪತ್ತನೆಯದರ ಜಾಗ ಕಿರಿದಾಗುತ್ತದೆ. ಪಟ್ಟಿಯ ಎರಡೂ ತುದಿಗಳನ್ನು ಮಡಿಕೆಯ ಗೆರೆಗೆ 45 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಓರೆಯಾಗಿ ಕತ್ತರಿಸಿ. 30 ಇನ್ನೂ ಒಳ್ಳೆಯದು.

ತಳದ ಪಟ್ಟಿಗಳನ್ನು ಒಂದರ ಮೇಲೊಂದು ಹೊದಿಸಬೇಡಿ. ಎರಡನ್ನೂ ಒಳಕ್ಕೆ ಮಡಚಿ ಬೆನ್ನಿಗೆ ಬೆನ್ನು ಅಂಟಿಸಿ. ಪಿರಮಿಡ್‌ಗಳ ನಡುವಿನ ಅಂಚು ಇಲ್ಲಿ ತಗ್ಗು, ಒಳಗಿನಿಂದ ಅಳೆದರೆ ಸುಮಾರು 222 ಡಿಗ್ರಿ. ಹಾಗಾಗಿ ಪಟ್ಟಿಗೂ ಮುಖಕ್ಕೂ ನಡುವೆ 111 ಡಿಗ್ರಿ ಬರಬೇಕು. ಹೀಗೆ ನಿಂತ ಜೋಡಿಪಟ್ಟಿ ಒಳಗೆ ಪಕ್ಕೆಲುಬಿನಂತೆ ಬಿಗಿ ಕೊಡುತ್ತದೆ. ಮಡಿಕೆಯ ಗೆರೆಗೆ ಶಾಯಿ ಮುಗಿದ ಬಾಲ್‌ಪೆನ್ನೇ ಸಾಕು, ಬಣ್ಣದ ಬದಿಯಿಂದ ಒತ್ತಿ. ಫೆವಿಕಾಲನ್ನು ಟೂತ್‌ಪಿಕ್ಕಿನಿಂದ ತೆಳ್ಳಗೆ ಸವರಿ. ದಪ್ಪ ಹಾಕಿದರೆ ನೀರು ಕುಡಿದು ಕಾರ್ಡ್ ಸೊಟ್ಟಗಾಗುತ್ತದೆ.

ಐದರ ಟೊಪ್ಪಿಗೆ ಒಂದು, ಹತ್ತರ ನಡುಪಟ್ಟಿ, ಆಮೇಲೆ ಉಳಿದ ಐದನ್ನು ಒಂದೊಂದಾಗಿ. ಇದೇ ಕ್ರಮ.

ಪ್ರಶ್ನೆ ಕೇಳಿದವರು:

ಕೊನೆಯದನ್ನು ಬೆನ್ನಿಗೆ ಬೆನ್ನು ಅಂಟಿಸುವುದು ಹೇಗೆ? ಒಳಗೆ ಬೆರಳು ಹೋಗುವುದಿಲ್ಲವಲ್ಲ.

ಉತ್ತರ 2 ಬರೆದವರು:

ಅದಕ್ಕೆ ಮಾತ್ರ ಬೇರೆ ಉಪಾಯ. ಒಂದು ಅಂಚನ್ನು ಮಾಮೂಲಿನಂತೆ ಅಂಟಿಸಿ ಪೂರ್ತಿ ಒಣಗಲು ಬಿಡಿ, ಅದು ಬಾಗಿಲಿನ ಕೀಲು ಇದ್ದಂತೆ. ಉಳಿದೆರಡು ಅಂಚುಗಳಲ್ಲಿ ಪಿರಮಿಡ್ಡಿನ ಪಟ್ಟಿಗಳನ್ನು ಕತ್ತರಿಸಿ ಹಾಕಿ, ತೂತಿನ ಪಟ್ಟಿಗಳನ್ನಷ್ಟೇ ಉಳಿಸಿ. ಅವನ್ನು ಒಳಕ್ಕಲ್ಲ, ಹೊರಕ್ಕೆ ಸುಮಾರು 42 ಡಿಗ್ರಿ ಬಗ್ಗಿಸಬೇಕು, ಆಗ ಪಿರಮಿಡ್ಡಿನ ಮುಖದ ಅಡಿಗೆ ಸರಿಯಾಗಿ ಕೂರುತ್ತವೆ. ಕಾಗದ ವಾಪಸ್ ಚಿಮ್ಮುವ ಸ್ವಭಾವದ್ದು, ಹಾಗಾಗಿ ಮೊದಲು 60ರವರೆಗೆ ಬಗ್ಗಿಸಿ ಬಿಡಿ. ಅಂಟು ಸವರಿ ಬಾಗಿಲು ಮುಚ್ಚಿ, ಹತ್ತು ನಿಮಿಷ ಹೊರಗಿನಿಂದ ಮೆಲ್ಲಗೆ ಒತ್ತಿ ಹಿಡಿಯಿರಿ.

ಉತ್ತರ 3:

ಮೇಲಿನ ಅಳತೆಗೆ ಒಂದು ಸೇರ್ಪಡೆ. ಚಿತ್ರದಲ್ಲಿ ನೀಲಿ ಬಿಟ್ ಒಂದೇ ಆಕಾರದಲ್ಲಿ ಇರುವುದಿಲ್ಲ. ಈ ಆಕಾರಕ್ಕೂ, ಡೋಡೆಕಾಹೆಡ್ರನ್ (12 ಪಂಚಭುಜ ಮುಖಗಳ ಘನ) ಮತ್ತು ಐಕೋಸಾಹೆಡ್ರನ್ ಒಂದರೊಳಗೊಂದು ಹೊಕ್ಕ ಆಕಾರಕ್ಕೂ ನಡುವೆ ಬದಲಾಗುತ್ತಿರುತ್ತದೆ. ಎರಡನೆಯದಕ್ಕೂ ಅದೇ ಕೈವಾರ ಸಾಕು: ತ್ರಿಜ್ಯ 40, ಜ್ಯಾ 40 ಐದು ಸಲ, ಇಂಥವು 12, ತ್ರಿಜ್ಯ 24.7, ಜ್ಯಾ 40 ಮೂರು ಸಲ, ಇಂಥವು 20. ಅಗಲ 152 ಮಿ.ಮೀ. ಒಂದು ಎಚ್ಚರ: ಮೂರು ಮುಖದ ಪಿರಮಿಡ್ ತಳವಿಲ್ಲದೆಯೂ ಗಟ್ಟಿ ನಿಲ್ಲುತ್ತದೆ, ಐದು ಮುಖದ್ದು ಲಟಪಟ ಅನ್ನುತ್ತದೆ. ಆ ಹನ್ನೆರಡರ ಒಳಗೆ 40 ಮಿ.ಮೀ. ಅಂಚಿನ ಪಂಚಭುಜದ ಚೌಕಟ್ಟು ಇಟ್ಟುಕೊಂಡೇ ಜೋಡಿಸಿ.

ಕೆಂಪು ‘ಇಲ್ಲ’ ರೂಪ ಐಕೋಸಾಹೆಡ್ರನ್ನಿನ 59 ಸ್ಟೆಲೇಷನ್‌ಗಳಲ್ಲಿ (ಮುಖಗಳನ್ನು ಹೊರಕ್ಕೆ ಚಾಚಿ ಪಡೆಯುವ ಆಕಾರಗಳಲ್ಲಿ) ಒಂದು. ಅದನ್ನು ಯಥಾವತ್ ಮಾಡಲು ಚಿಲ್ಲರೆ ತುಂಡುಗಳು ವಿಪರೀತ, ಮೊದಲ ಮಾದರಿಗೆ ಬೇಡವೇ ಬೇಡ. ಮುಳ್ಳಿನ ನೋಟ ಸಾಕೆಂದರೆ ಗ್ರೇಟ್ ಸ್ಟೆಲೇಟೆಡ್ ಡೋಡೆಕಾಹೆಡ್ರನ್ ಮಾಡಿ. ಅದೇ 20 ಪಿರಮಿಡ್, ಅದೇ ಜೋಡಣೆ. ಓರೆ ಅಂಚು ಮಾತ್ರ 0.632 ಬದಲು 1.618. ತಳ 35 ಇಟ್ಟರೆ ತ್ರಿಜ್ಯ 56.6, ಅಗಲ ಸುಮಾರು 159 ಮಿ.ಮೀ. ತಳ 60 ಇಟ್ಟರೆ 27 ಸೆಂ.ಮೀ. ದಾಟುತ್ತದೆ, ಶೋಕೇಸಿಗೆ ಹಿಡಿಯುವುದಿಲ್ಲ. ತುದಿಯ ಕೋನ 36 ಡಿಗ್ರಿ ಮಾತ್ರ, 200 ಜಿಎಸ್‌ಎಂ ಅಲ್ಲಿ ಮೊಂಡಾಗುತ್ತದೆ. 120–130 ತೆಗೆದುಕೊಳ್ಳಿ, ಬದಿಯ ಪಟ್ಟಿಯನ್ನು ತುದಿಗೆ 8 ಮಿ.ಮೀ. ಮೊದಲೇ ನಿಲ್ಲಿಸಿ.

ಹಳದಿ ‘ಹೌದು’ ಬರೀ ಆಕ್ಟಾಹೆಡ್ರನ್, ಎಂಟು ಸಮಬಾಹು ತ್ರಿಕೋನ. ಉಳಿದ ಕಾರ್ಡ್ ಚೂರುಗಳಲ್ಲೇ ಆಗುತ್ತದೆ.