ತೊಟ್ಟಿಮನೆ ಕೆಡವ್ತಾ ಇದೀವಿ, ದಾಖಲೆ ಹೇಗೆ ಮಾಡೋದು?

ತೀರ್ಥಹಳ್ಳಿ ಕಡೆ ನಮ್ಮ ಮುತ್ತಜ್ಜನ ಕಾಲದ ತೊಟ್ಟಿಮನೆ. ಪಾಲಾಯ್ತು, ಮಳೆಗಾಲಕ್ಕೆ ಮುಂಚೆ ಕೆಡವೋದು ಅಂತ ತೀರ್ಮಾನ. ಫೋಟೋ ಬಿಟ್ಟು ಇನ್ನೇನು ಮಾಡಬಹುದು? ಡ್ರೋನ್ ಬೇಕಾ? ಅನುಭವ ಇದ್ದವರು ತಿಳಿಸಿ.

ಸಾಗರದಿಂದ:
ಡ್ರೋನ್ ಏನೂ ಬೇಡ. ಟೇಪು, ಗ್ರಾಫ್ ಹಾಳೆ, ಪೆನ್ಸಿಲ್ಲು, ಫೋನು, ಒಂದು ಒಳ್ಳೇ ಟಾರ್ಚು ಸಾಕು. ಕೋಣೆಯ ನಾಲ್ಕು ಗೋಡೆ ಅಳೆದು ಸುಮ್ಮನಾಗಬೇಡಿ, ಮೂಲೆಯಿಂದ ಮೂಲೆಗೂ ಅಳೀರಿ. ಹಳೇ ಮನೆ ಕೋಣೆಗಳು ಮೂಲೆಮಟ್ಟಕ್ಕೆ ಇರೋದು ಅಪರೂಪ. ಜಗಲಿ, ಅಂಗಳ, ಅಡುಗೆಮನೆ ಒಂದೊಂದೂ ಒಂದೊಂದು ಎತ್ತರ. ಗಾರೆಯವರ ನೀರಿನ ಟ್ಯೂಬ್ ಹಿಡಿದು ಮನೆ ಸುತ್ತ ಒಂದೇ ಮಟ್ಟಕ್ಕೆ ಗೆರೆ ಎಳೆದು, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಅಳತೆ ತಗೊಳ್ಳಿ.

ಆದ್ರೆ ಕೆಡವೋ ಮುಂಚೆಯೇ ಎಲ್ಲಾ ಮುಗಿಸ್ತೀವಿ ಅನ್ನೋ ಲೆಕ್ಕಾಚಾರ ಬಿಡಿ. ಮುಖ್ಯವಾದದ್ದು ಕಾಣೋದೇ ಬಿಚ್ಚುವಾಗ. ಜೆಸಿಬಿ ನುಗ್ಗಿಸಿದ್ರೆ ಮುಗೀತು. ಮೊದಲು ಹೆಂಚು, ಆಮೇಲೆ ಮರ, ಕೊನೆಗೆ ಗೋಡೆ, ನಡುವೆ ನಿಮಗೆ ಬಿಡುವು. ಇದನ್ನ ಮೇಸ್ತ್ರಿ ಹತ್ರ ದುಡ್ಡಿನ ಮಾತಿನ ಜೊತೆಗೇ ಆಡಿಬಿಡಿ. ತೊಲೆಯಲ್ಲಿ ಯಾವ ಕೂಡಿಕೆಯೂ ಇಲ್ಲದ ಕಡೆ ಚೌಕದ ತೂತು ಕಂಡ್ರೆ, ಅಲ್ಲಿದ್ದದ್ದೇನೋ ತೆಗೆದಿದಾರೆ, ಇಲ್ಲಾ ಆ ಮರ ಬೇರೆ ಕಟ್ಟಡದಿಂದ ಬಂದದ್ದು. ಎರಡು ಗೋಡೆ ಸೇರೋ ಕಡೆ ಗಾರೆ ಕೆತ್ತಿ ನೋಡಿ. ಒಂದರ ಸುಣ್ಣ ಇನ್ನೊಂದರ ಹಿಂದಕ್ಕೂ ಮುಂದುವರಿದಿದ್ರೆ, ಆ ಇನ್ನೊಂದು ಆಮೇಲೆ ಕಟ್ಟಿದ್ದು. ಮನೆ ಯಾವ ಕ್ರಮದಲ್ಲಿ ಬೆಳೀತು ಅನ್ನೋದು ಹೀಗೇ ಗೊತ್ತಾಗೋದು. ಮನೆಯವರ ನೆನಪನ್ನ ಅದರ ಪಕ್ಕದಲ್ಲಿಟ್ಟು ನೋಡಿ, ತಾಳೆ ಆಗದೇ ಇರೋದೂ ಉಂಟು. ಪ್ರತಿ ಫೋಟೋದಲ್ಲೂ ಒಂದು ಅಳತೆ ಪಟ್ಟಿ ಇರಲಿ.

ಮಂಗಳೂರಿನಿಂದ:
ಹೆಂಚಿನ ಮೇಲೆ 1865 ಅಂತ ಇದ್ರೆ ಮನೆಯೂ 1865ರದ್ದು ಅಂದ್ಕೋಬೇಡಿ ಮಾರಾಯ್ರೆ! ಬಾಸೆಲ್ ಮಿಷನ್‌ನವರು ಇಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು, ಎಷ್ಟೋ ವರ್ಷ ಅದೇ ಮುದ್ರೆ ಒತ್ತಿದ್ದಾರೆ. ಅಥವಾ ಮನೆಯೇ ಹೆಂಚಿಗಿಂತ ಹಳತು, ಮೊದಲು ಸೋಗೆಯೋ ಹುಲ್ಲೋ ಹೊದೆಸಿದ್ದು ಅಂತಲೂ ಇರಬಹುದು. ಬೇರೆಬೇರೆ ಮುದ್ರೆಯ ಹೆಂಚು ಒಂದೊಂದು ಎತ್ತಿಡಿ, ಮಾಡಿನ ಯಾವ ಮೂಲೆಯದ್ದು ಅಂತ ಬರೆದು.

ಶಿವಮೊಗ್ಗದಿಂದ:
ಅಟ್ಟ ಖಾಲಿ ಮಾಡೋ ದಿನ ನೀವು ಅಲ್ಲೇ ಇರಿ. ಮಡಿಸಿಟ್ಟ ಕಪ್ಪು ಬಟ್ಟೆ ಸಿಕ್ಕಿದ್ರೆ ಕಸಕ್ಕೆ ಎಸೀಬೇಡಿ, ಕಡತ ಇರಬಹುದು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಬಳಪದಲ್ಲಿ ಬರೀತಿದ್ರು. ಒರೆಸಿದ್ರೆ ಅಕ್ಷರ ಹೋಗುತ್ತೆ, ಹಾಗೇ ಫೋಟೋ ತೆಗೀರಿ. ಓಲೆಗರಿ, ಕಾಗದಪತ್ರಕ್ಕೆ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ವಿಚಾರಿಸಿ. 75 ವರ್ಷ ದಾಟಿದ, ಚಾರಿತ್ರಿಕ ಮೌಲ್ಯದ ಹಸ್ತಪ್ರತಿ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಹಳೇ ಸಾಮಾನಿನ ವ್ಯಾಪಾರಿ ಕೈಗೆ ಸುಮ್ನೆ ಕೊಟ್ಟುಬಿಡಬೇಡಿ.

ಪುರುಸೊತ್ತಾದ್ರೆ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಮನೆಗಳನ್ನ ನೋಡಿ ಬನ್ನಿ. ಕಂಬ, ಬಾಗಿಲು ಮಾರೋದಾದ್ರೂ ಎಣ್ಣೆ ಪೇಂಟಲ್ಲಿ ನಂಬರ್ ಹಾಕಿ, ಅದೇ ನಂಬರನ್ನ ನಕ್ಷೆಯಲ್ಲೂ ಬರ್ಕೊಂಡು ಕೊಡಿ. ಸೀಮೆಸುಣ್ಣ ಒಂದು ಮಳೆಗೂ ನಿಲ್ಲಲ್ಲ.