ವಿಟಮಿನ್ ಡಿ ಸರಿ ಆದ್ರೆ ಶುಗರ್ ಇಳಿಯುತ್ತಾ? (ಡಿ 11, ಮೂರು ತಿಂಗಳ ಶುಗರ್ 6.1)

ತೋಟದಮನೆ, ತೀರ್ಥಹಳ್ಳಿ:

ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಡಿಕೆ ತೋಟ, ಎರಡು ದನ, ಮನೆ ಕೆಲಸ. ಆರಿದ್ರಾ ಮಳೆ ಹಿಡಿದಾಗಿನಿಂದ ಸೊಂಟ, ತೊಡೆ ಎಲ್ಲ ನೋವು. ಜಗಲಿ ಮೆಟ್ಟಿಲು ಹತ್ತಬೇಕಾದರೂ ಗೋಡೆ ಹಿಡಿಯಬೇಕು. ಶಿವಮೊಗ್ಗಕ್ಕೆ ಹೋಗಿ ತೋರಿಸಿದೆ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ 11 ಬಂತು. ಅದರ ಜೊತೆಗೆ ಮೂರು ತಿಂಗಳ ಶುಗರ್ 6.1. "ಇನ್ನೂ ಸಕ್ಕರೆ ಕಾಯಿಲೆ ಅಲ್ಲ, ಆದರೆ ಬಾಗಿಲಿಗೆ ಬಂದು ನಿಂತಿದೆ" ಅಂದರು ಡಾಕ್ಟರ್. 60,000 ಯೂನಿಟ್‌ನ ಪುಡಿ, ಎಂಟು ಪ್ಯಾಕೆಟ್, ವಾರಕ್ಕೊಂದು ಹಾಲಿಗೆ ಹಾಕಿ ಕುಡಿಯಲು ಬರೆದುಕೊಟ್ಟರು. ಮೂರು ಕುಡಿದಾಯಿತು.

ಪಕ್ಕದ ಮನೆ ಅಕ್ಕ ಹೇಳುತ್ತಾರೆ, ಡಿ ಸರಿ ಮಾಡಿಕೋ, ಶುಗರ್ ತಾನಾಗೇ ಹೋಗುತ್ತೆ ಅಂತ. ಮೊಬೈಲಿನಲ್ಲೂ ಅಂಥದ್ದೇ ವಿಡಿಯೊ ಬರುತ್ತಿದೆ. ಇದು ನಿಜವಾ? ನಮ್ಮ ಅಮ್ಮನಿಗೆ ಶುಗರ್ ಇತ್ತು. ಹೆಬ್ಬೆರಳಿನ ಗಾಯ ಒಣಗಲೇ ಇಲ್ಲ, ಕೊನೆಗೆ ಬೆರಳು ತೆಗೆದರು. ಆರು ತಿಂಗಳು ದಿನಾ ಆ ಗಾಯ ತೊಳೆದು ಬಟ್ಟೆ ಕಟ್ಟಿದವಳು ನಾನು. ಅದಕ್ಕೇ ಸುಮ್ನೆ ಕೂರಲು ಆಗುತ್ತಿಲ್ಲ.

ಇನ್ನೊಂದು ಪ್ರಶ್ನೆ. ಬಿಸಿಲಿನಿಂದ ಬರುವ ವಿಟಮಿನ್ ಅಂತಾರೆ. ದಿನವಿಡೀ ತೋಟದಲ್ಲಿ ಇರುವವಳಿಗೆ ಅದು ಹೇಗೆ ಕಡಿಮೆ ಆಯಿತು?

ನರ್ಸಕ್ಕ, ಸಾಗರ:

ಅಕ್ಕ, ಎರಡನೇ ಪ್ರಶ್ನೆ ನನಗೆ ಗೊತ್ತು. ತೋಟದಲ್ಲಿ ಇರೋದು ಬೇರೆ, ಬಿಸಿಲಲ್ಲಿ ಇರೋದು ಬೇರೆ. ಅಡಿಕೆ ತೋಟದೊಳಗೆ ನಡು ಮಧ್ಯಾಹ್ನವೂ ನೆರಳೇ ಅಲ್ವಾ? ಮೈ ಮೇಲೆ ಉದ್ದ ತೋಳಿನ ಹಳೇ ಅಂಗಿ, ತಲೆಗೆ ಬಟ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಸೂರ್ಯ ಮುಖ ತೋರಿಸುವುದೇ ಅಪರೂಪ. ಚರ್ಮದಲ್ಲಿ ಡಿ ತಯಾರಾಗಲು ಯುವಿ-ಬಿ ಕಿರಣ ಬೇಕು. ಬೆಳಗಿನ ಎಳೆ ಬಿಸಿಲಿನಲ್ಲಿ ಅದು ತೀರಾ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತಿನಲ್ಲಿ ಕೈಕಾಲಿಗೆ ಬಿಸಿಲು ಬೀಳಬೇಕು. ಕಿಟಕಿಯ ಗಾಜಿನ ಹಿಂದೆ ಕೂತರೆ ಪ್ರಯೋಜನ ಇಲ್ಲ. ನಮ್ಮಂಥ ಕಂದು ಚರ್ಮದವರಿಗೆ ಬಿಳಿಯರಿಗಿಂತ ಜಾಸ್ತಿ ಹೊತ್ತು ಬೇಕು.

ಮೀನು ತಿನ್ನುವವರಾದರೆ ಬಂಗುಡೆ, ಭೂತಾಯಿಯಲ್ಲಿ ಒಂದಿಷ್ಟು ಸಿಗುತ್ತದೆ. ಮೊಟ್ಟೆಯ ಹಳದಿಯಲ್ಲಿ ಸ್ವಲ್ಪ. ಸೊಪ್ಪು ತರಕಾರಿಯಲ್ಲಿ ಇಲ್ಲ ಅಂತಲೇ ಹೇಳಬೇಕು. 20ಕ್ಕಿಂತ ಕೆಳಗೆ ಇದ್ದರೆ ಕೊರತೆ ಅಂತ ಲೆಕ್ಕ. ನಿಮ್ಮದು 11, ನೋವೂ ಇದೆ. ಪುಡಿ ನಿಲ್ಲಿಸಬೇಡಿ.

ಜೀವಶಾಸ್ತ್ರದ ಮೇಷ್ಟ್ರು, ಶಿವಮೊಗ್ಗ:

ತಂಗಿ, ನನಗೂ ಐದು ವರ್ಷದ ಹಿಂದೆ 6.2 ಬಂದಿತ್ತು. ಆಗ ಇದೇ ಆಸೆಯಲ್ಲಿ ಸಿಕ್ಕಿದ್ದೆಲ್ಲ ಓದಿದೆ. ಆಸೆಗೆ ಕಾರಣ ಇದೆ. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ವಿಟಮಿನ್ ಡಿಯನ್ನು ಗುರುತಿಸುತ್ತವೆ. ಡಿ ಕಡಿಮೆ ಇರುವವರಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ ಅನ್ನುವುದೂ ಎಷ್ಟೋ ಕಡೆ ಕಂಡಿದೆ. ಆದರೆ ಯಾವುದರಿಂದ ಯಾವುದು? ಮೈಯ ಕೊಬ್ಬು ಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ತೂಕ ಜಾಸ್ತಿ ಇದ್ದವರ ರಕ್ತದಲ್ಲಿ ಅದು ಕಡಿಮೆ. ಅದೇ ತೂಕ ಶುಗರನ್ನೂ ತರುತ್ತದೆ. ಮನೆಯೊಳಗೇ ಇರುವವರಿಗೆ ಬಿಸಿಲೂ ಇಲ್ಲ, ನಡಿಗೆಯೂ ಇಲ್ಲ.

ಕೊಟ್ಟು ನೋಡಿದರೆ ತಾನೇ ಗೊತ್ತಾಗುವುದು. ಅಮೆರಿಕದಲ್ಲಿ ಕೊಟ್ಟು ನೋಡಿದರು. ನಿಮ್ಮ ಹಾಗೇ ಬಾಗಿಲಲ್ಲಿದ್ದ 2423 ಜನ. ಅರ್ಧ ಜನಕ್ಕೆ ದಿನಕ್ಕೆ 4000 ಯೂನಿಟ್ ಡಿ, ಉಳಿದವರಿಗೆ ನೋಡಲು ಹಾಗೇ ಇರುವ ಖಾಲಿ ಮಾತ್ರೆ. 2019ರಲ್ಲಿ ಫಲಿತಾಂಶ ಬಂತು. ಸುಮಾರು ಎರಡೂವರೆ ವರ್ಷದಲ್ಲಿ ಡಿ ತೆಗೆದುಕೊಂಡವರಲ್ಲಿ 293 ಜನಕ್ಕೆ ಶುಗರ್ ಬಂತು, ಖಾಲಿ ಮಾತ್ರೆಯವರಲ್ಲಿ 323 ಜನಕ್ಕೆ. ಇಷ್ಟು ಚಿಕ್ಕ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು. ನಾರ್ವೆಯಲ್ಲೂ ಜಪಾನಿನಲ್ಲೂ ಹೀಗೇ ಆಯಿತು. ಮೂರನ್ನೂ ಒಟ್ಟಿಗೆ ಸೇರಿಸಿ 2023ರಲ್ಲಿ ಲೆಕ್ಕ ಹಾಕಿದಾಗ ಸುಮಾರು 15% ಕಡಿಮೆ ಅಂತ ಕಂಡಿತು. ಅಂದರೆ ಸ್ವಲ್ಪ ಇದೆ. ಅಮೆರಿಕದ ಆ ಪ್ರಯೋಗದಲ್ಲಿ ತೀರಾ ಕೊರತೆ ಇದ್ದವರಲ್ಲಿ, ಡಿ 12ಕ್ಕಿಂತ ಕೆಳಗೆ ಇದ್ದವರಲ್ಲಿ, ಲಾಭ ಹೆಚ್ಚು ಕಾಣಿಸಿತು. ನಿಮ್ಮದು 11 ಅಂತ ಇದನ್ನು ಹೇಳಿದೆ. ಆದರೆ ಅಂಥವರು ಆ ಪ್ರಯೋಗದಲ್ಲಿ ಬಹಳ ಕಡಿಮೆ ಇದ್ದರು, ಅದರ ಮೇಲೆ ಪೂರ್ತಿ ಭಾರ ಹಾಕಬೇಡಿ.

ಈಗ ಇದನ್ನು ಪಕ್ಕದಲ್ಲಿ ಇಟ್ಟು ನೋಡಿ. 2002ರಲ್ಲಿ ಅಮೆರಿಕದ್ದೇ ಇನ್ನೊಂದು ದೊಡ್ಡ ಪ್ರಯೋಗ. ಮೈ ತೂಕದಲ್ಲಿ 7% ಇಳಿಸುವುದು, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯುವುದು. ಇದನ್ನು ಗುರಿಯಾಗಿ ಇಟ್ಟುಕೊಂಡವರಲ್ಲಿ ಶುಗರ್ ಬರುವುದು 58% ಕಡಿಮೆ ಆಯಿತು. 58 ಎಲ್ಲಿ, 15 ಎಲ್ಲಿ! ಪುಡಿ ಕುಡಿಯಿರಿ, ಆದರೆ ಅದನ್ನು ನಂಬಿ ನಡಿಗೆ ಬಿಡಬೇಡಿ.

ಹೊಸನಗರದವನು:

ಅಕ್ಕ, ನಿಮ್ಮ ಮನೆಯಲ್ಲಿರುವ ಪ್ಯಾಕೆಟ್ ಬಗ್ಗೆ ಒಂದು ಮಾತು. ದಯವಿಟ್ಟು ಪೂರ್ತಿ ಓದಿ.

ನಮ್ಮ ಅಪ್ಪಯ್ಯನಿಗೆ 71. ಹತ್ತು ವರ್ಷದಿಂದ ಶುಗರ್ ಮಾತ್ರೆ ತಗೊಳ್ಳುತ್ತಾರೆ. ಹೋದ ವರ್ಷ ಡಿ ಕಡಿಮೆ ಅಂತ ಇದೇ 60,000ದ ಪುಡಿ ಬರೆದುಕೊಟ್ಟರು. ಚೀಟಿಯಲ್ಲಿ ವಾರಕ್ಕೊಂದು ಅಂತ ಇಂಗ್ಲಿಷಿನಲ್ಲಿ ಇತ್ತು. ಅದನ್ನು ಬಾಯಿಬಿಟ್ಟು ಯಾರೂ ಹೇಳಲಿಲ್ಲ, ಮೆಡಿಕಲ್‌ನಲ್ಲಿ ಕವರಿನ ಮೇಲೂ ಬರೆಯಲಿಲ್ಲ. ನಾನೂ ಓದಿ ಹೇಳಲಿಲ್ಲ. ಅಪ್ಪಯ್ಯ ದಿನಾ ಬೆಳಿಗ್ಗೆ ಹಾಲಿಗೆ ಒಂದು ಹಾಕಿಕೊಂಡು ಕುಡಿದರು. ಮುಗಿದಾಗೆಲ್ಲ ಅದೇ ಚೀಟಿ ಕೊಟ್ಟು ಪೇಟೆಗೆ ಹೋಗುವವರ ಹತ್ತಿರ ತರಿಸಿದರು.

ಒಂದೂವರೆ ತಿಂಗಳಾಗುವ ಹೊತ್ತಿಗೆ ಬಾಯಾರಿಕೆ ಶುರುವಾಯಿತು. ಮಂಚದ ಪಕ್ಕ ಇಟ್ಟ ತಾಮ್ರದ ಚೊಂಬು ರಾತ್ರಿ ಎರಡು ಸಲ ಖಾಲಿ. ಬ್ಯಾಟರಿ ಹಿಡಿದು ಮಳೆಯಲ್ಲೇ ಅಂಗಳ ದಾಟಿ ಐದೈದು ಸಲ ಬಚ್ಚಲಿಗೆ. ಊಟ ಸೇರುವುದಿಲ್ಲ, ಮಲಬದ್ಧತೆ, ವಾಂತಿ. ಬಾಯಾರಿಕೆ, ಪದೇ ಪದೇ ಮೂತ್ರ ಅಂದರೆ ನಮಗೆ ಗೊತ್ತಿದ್ದದ್ದು ಒಂದೇ, ಶುಗರ್ ಏರಿದೆ. ಅನ್ನ ಬಿಡಿಸಿದೆವು, ಬರೀ ರಾಗಿ ಗಂಜಿ ಕೊಟ್ಟೆವು. ಮನೆಯ ಮಿಷನ್ನಿನಲ್ಲಿ ಚುಚ್ಚಿ ನೋಡಿದರೆ 140, 150. ನಾವು ಮಿಷನ್ನೇ ಕೆಟ್ಟಿದೆ ಅಂದುಕೊಂಡೆವು. ಒಂದು ದಿನ ನನ್ನನ್ನು ನೋಡಿ ಚಿಕ್ಕಪ್ಪನ ಹೆಸರು ಹಿಡಿದು ಕರೆದರು. ಆವತ್ತೇ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು.

ರಕ್ತದಲ್ಲಿ ಕ್ಯಾಲ್ಸಿಯಂ 13.8. ಸಾಮಾನ್ಯವಾಗಿ ಹತ್ತೂವರೆ ದಾಟಬಾರದು. ಕಿಡ್ನಿಗೂ ಪೆಟ್ಟು ಬಿದ್ದಿತ್ತು. ಅವರು ತಗೊಳ್ಳುವ ಮಾತ್ರೆ, ಪುಡಿ ಏನೇನಿದೆಯೋ ಎಲ್ಲ ತನ್ನಿ ಅಂದರು ಡಾಕ್ಟರ್. ಅಪ್ಪಯ್ಯ ಏನನ್ನೂ ಬಿಸಾಡುವವರಲ್ಲ. ಖಾಲಿ ಪ್ಯಾಕೆಟ್‌ಗಳನ್ನು ತೊಳೆದು, ಚೌಕಕ್ಕೆ ಮಡಚಿ, ರಬ್ಬರ್ ಬ್ಯಾಂಡ್ ಹಾಕಿ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಡಾಕ್ಟರ್ ಮೇಜಿನ ಮೇಲೆ ಹರಡಿ ಎಣಿಸಿದರು. 46.

ಡಿ ಅತಿಯಾಗಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿದೆ, ಬಾಯಾರಿಕೆ, ಮೂತ್ರ ಎಲ್ಲ ಅದರಿಂದಲೇ ಅಂದರು. ಐದು ದಿನ ಡ್ರಿಪ್ ಹಾಕಿದರು. ಡಿ ಕೊಬ್ಬಿನಲ್ಲಿ ಉಳಿದುಕೊಳ್ಳುವ ವಿಟಮಿನ್, ಮೂತ್ರದಲ್ಲಿ ಹೋಗಿಬಿಡುವುದಿಲ್ಲ. ಕ್ಯಾಲ್ಸಿಯಂ ಪೂರ್ತಿ ಸರಿಹೋಗಲು ಎರಡು ತಿಂಗಳ ಮೇಲಾಯಿತು. ಮೂರು ತಿಂಗಳ ಶುಗರ್ ಮೊದಲೂ 7.2, ಆಮೇಲೂ 7.2. ಈಗ ಆರಾಮಾಗಿದ್ದಾರೆ. ಅಕ್ಕ, ಈಗಲೇ ಎದ್ದು ನಿಮ್ಮ ಪ್ಯಾಕೆಟ್ ಎಣಿಸಿ.

ತೋಟದಮನೆ, ತೀರ್ಥಹಳ್ಳಿ:

ಎಣಿಸಿದೆ ಅಣ್ಣ. ಎಂಟರಲ್ಲಿ ನಾನು ಕುಡಿದದ್ದು ಮೂರು. ಐದು ಇರಬೇಕಿತ್ತು. ಡಬ್ಬದಲ್ಲಿ ಇರುವುದು ಮೂರೇ.

ಅತ್ತೆಯನ್ನು ಕೇಳಿದೆ. ಮೊನ್ನೆ ಒಂದು, ನಿನ್ನೆ ಒಂದು ಕುಡಿದಿದ್ದಾರೆ. "ನಿನ್ನ ಸೊಂಟ ನೋವಿಗೆ ಕೊಟ್ಟಿದ್ದಲ್ವಾ, ನನ್ನ ಮಂಡಿಗೂ ಆಗಲಿ ಅಂತ ಕುಡಿದೆ" ಅಂದರು. ಅವರಿಗೆ ಹಿಂದೆ ಕಿಡ್ನಿಯಲ್ಲಿ ಕಲ್ಲಾಗಿತ್ತು. ಕೈಕಾಲು ತಣ್ಣಗಾಯಿತು ನನಗೆ. ಡಾಕ್ಟರಿಗೆ ಫೋನ್ ಮಾಡಿದೆ. ಎರಡರಿಂದ ತೊಂದರೆ ಆಗುವುದು ಕಡಿಮೆ, ಇನ್ನು ಕೊಡಬೇಡಿ, ಸೋಮವಾರ ಕರೆದುಕೊಂಡು ಬನ್ನಿ, ಕ್ಯಾಲ್ಸಿಯಂ ನೋಡಿಬಿಡೋಣ ಅಂದರು.

ಮೇಷ್ಟ್ರೇ, ನಿಮ್ಮ 58ರ ಲೆಕ್ಕ ಮನೆಯವರಿಗೂ ಓದಿ ಹೇಳಿದೆ. ನನ್ನ ತೂಕ 68 ಕಿಲೊ, ಅಂದರೆ ಐದು ಕಿಲೊ ಇಳಿಯಬೇಕು. ಇವತ್ತು ಸಂಜೆ ಮಳೆ ಒಂದು ಗಳಿಗೆ ಹೊಳವಾಯಿತು. ಕೊಡೆ ಹಿಡಿದು ಬಸ್ ಸ್ಟಾಪಿನವರೆಗೆ ಹೋಗಿ ಬಂದೆ, 35 ನಿಮಿಷ. ಉಂಬಳ ಎರಡು ಹತ್ತಿದ್ದವು, ನಾಳೆ ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಚಿಕೊಂಡು ಹೋಗುತ್ತೇನೆ.

ನರ್ಸಕ್ಕ, ಸಾಗರ:

ಅಕ್ಕ, ಉಳಿದ ಮೂರು ಪ್ಯಾಕೆಟ್ ಮೇಲೆ ಒಂದೊಂದರಲ್ಲೂ ಕುಡಿಯುವ ತಾರೀಕನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದಿಡಿ. ಅತ್ತೆಗೆ ಕ್ಯಾಲ್ಸಿಯಂ ಮಾತ್ರೆ ಏನಾದರೂ ನಡೆಯುತ್ತಿದ್ದರೆ ಅದನ್ನೂ ಸೋಮವಾರ ಕೈಯಲ್ಲೇ ತಗೊಂಡು ಹೋಗಿ ತೋರಿಸಿ.

ತೋಟದಮನೆ, ತೀರ್ಥಹಳ್ಳಿ:

ನಡೆಯುತ್ತಿದೆ, ದಿನಕ್ಕೊಂದು. ಈಗಲೇ ಚೀಲಕ್ಕೆ ಹಾಕಿಟ್ಟೆ. ತಾರೀಕು ಬರೆದೆ. ಡಬ್ಬವನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದೇನೆ.