ವಿಂಟೇಜ್, ಕ್ಲಾಸಿಕ್ ಎರಡಕ್ಕೂ ‘ಹಳೇ ಕಾರು’ ಅಂದ್ರೆ ಸಾಕಾ? ಜೊತೆಗೆ ಡಿಕ್ಕಿ, ಕಿವಿರು

ಎಲ್ಲರಿಗೂ ನಮಸ್ಕಾರ.

ಒಂದೆರಡು ಪದಗಳ ವಿಷಯಕ್ಕೆ ಒಂದು ವಾರದಿಂದ ತಲೆ ಕೆಡಿಸ್ಕೊಂಡಿದೀನಿ, ನಿಮ್ಮ ಸಹಾಯ ಬೇಕು. ನನ್ನ ತಂಗಿ ಮಗ ಒಂದು ಆಟ ಮಾಡ್ತಿದಾನೆ, ಹಳೇ ಕಾರಿನ ಯಾವುದೋ ಒಂದು ಭಾಗದ ಫೋಟೊ ಮಾತ್ರ ಇರುತ್ತೆ, ತೀರಾ ಹತ್ತಿರದಿಂದ ತೆಗೆದಿದ್ದು, ಬರೀ ಒಂದು ದೀಪ ಅಥವಾ ಬಾಗಿಲ ಹಿಡಿ, ಅಷ್ಟನ್ನೇ ನೋಡಿ ಯಾವ ಕಾರು ಯಾವ ಕಾಲದ್ದು ಅಂತ ಹೇಳ್ಬೇಕು. ಫೋಟೊ ಅವನದು, ಕೆಳಗಿನ ಕನ್ನಡ ವಿವರಣೆ ನಂದು. ಮೊದಲನೇ ಸಾಲಲ್ಲೇ ಸಿಕ್ಕಿಹಾಕ್ಕೊಂಡೆ. ಒಂದು ಫೋಟೊದಲ್ಲಿ 1920ರ ದಶಕದ ಬುಗಾಟಿಯ ಮೂತಿ, ಕುದುರೆ ಲಾಳದ ಆಕಾರದ ರೇಡಿಯೇಟರ್. ಇನ್ನೊಂದರಲ್ಲಿ 1959ರ ಕ್ಯಾಡಿಲಾಕ್‌ನ ಹಿಂಭಾಗ, ಚೂಪಾಗಿ ಮೇಲೆದ್ದ ರೆಕ್ಕೆ, ಅದರ ನಡುವೆ ಗುಂಡಿನ ಹಾಗಿರೋ ಎರಡು ಕೆಂಪು ದೀಪ. ಎರಡಕ್ಕೂ ‘ಹಳೇ ಕಾರು’ ಅಂತ ಬರೆದು ನೋಡಿದೆ, ಮನಸ್ಸು ಒಪ್ಪಲಿಲ್ಲ.

ಯಾಕಂದ್ರೆ ಕಾರಿನವರ ಮಾತಲ್ಲಿ ಇವೆರಡು ಬೇರೆಬೇರೆ. ಬ್ರಿಟನ್ನಿನ ಲೆಕ್ಕದಲ್ಲಿ 1919ರಿಂದ 1930ರವರೆಗೆ ತಯಾರಾದದ್ದು ಮಾತ್ರ ವಿಂಟೇಜ್, ಅದಕ್ಕೂ ಹಿಂದಿನವು ವೆಟರನ್, ಎಡ್ವರ್ಡಿಯನ್ ಅಂತ ಆಗುತ್ತೆ. ಕ್ಲಾಸಿಕ್‌ಗೆ ಇಷ್ಟು ಗಟ್ಟಿ ಗೆರೆ ಇಲ್ಲ. ಅಮೆರಿಕದ ಕ್ಲಾಸಿಕ್ ಕಾರ್ ಕ್ಲಬ್ಬಿನವರು 1915ರಿಂದ 1948ರ ಒಳಗಿನ ಆಯ್ದ ಉತ್ತಮ ಕಾರುಗಳನ್ನಷ್ಟೇ ಹಾಗೆ ಕರೀತಾರೆ, ಉಳಿದವರು 50-60ರ ದಶಕದ್ದಕ್ಕೂ ಧಾರಾಳವಾಗಿ ಹೇಳ್ತಾರೆ. ಅಂದ್ರೆ ಬುಗಾಟಿ ವಿಂಟೇಜ್, ಕ್ಯಾಡಿಲಾಕ್ ವಿಂಟೇಜ್ ಅಲ್ಲವೇ ಅಲ್ಲ.

ಮೂಲ ಹುಡುಕಿದಾಗ ನನಗೆ ತುಂಬ ಖುಷಿ ಆಯ್ತು. ವಿಂಟೇಜ್ ಅಂದ್ರೆ ದ್ರಾಕ್ಷಿ ಕೊಯ್ಲು, ಲ್ಯಾಟಿನ್ನಿನ ವಿನುಮ್ ಅಂದ್ರೆ ವೈನು, ಡೆಮೆರೆ ಅಂದ್ರೆ ಕಿತ್ತು ತೆಗೆಯೋದು, ಅಲ್ಲಿಂದ ಯಾವ ವರ್ಷದ ಬೆಳೆ ಅನ್ನೋ ಅರ್ಥಕ್ಕೆ ಬಂತು, ಕೊನೆಗೆ ಕಾರಿಗೂ ಹತ್ತಿತು. ಕನ್ನಡದ ಸುಗ್ಗಿ ಅಂತಲೇ ಇಟ್ಕೊಳ್ಳಿ. ಕ್ಲಾಸಿಕ್ ಬಂದಿದ್ದು ರೋಮಿನ ಪ್ರಜೆಗಳಲ್ಲಿ ಮೇಲಿನ ವರ್ಗದವರಿಗೆ ಇದ್ದ ಕ್ಲಾಸಿಕುಸ್ ಅನ್ನೋ ಪದದಿಂದ. ಒಂದು ಕಾಲ ಹೇಳುತ್ತೆ, ಇನ್ನೊಂದು ದರ್ಜೆ ಹೇಳುತ್ತೆ. ಹಾಗೆ ನೋಡಿದ್ರೆ ಕ್ಲಾಸಿಕ್‌ಗೆ ‘ಅಭಿಜಾತ’ ಎಷ್ಟು ಚೆನ್ನಾಗಿ ಕೂರುತ್ತೆ ನೋಡಿ, ಒಳ್ಳೇ ಕುಲದಲ್ಲಿ ಹುಟ್ಟಿದ್ದು ಅಂತ ತಾನೇ ಅರ್ಥ. ‘ಶಾಸ್ತ್ರೀಯ’ ಸಂಗೀತಕ್ಕೆ ಸರಿ, ಕಾರಿಗೆ ಬೇಡ. ‘ಪುರಾತನ’ ಅಂದ್ರೆ ಮಣ್ಣಿನಿಂದ ಅಗೆದು ತೆಗೆದ ಹಾಗಾಗುತ್ತೆ. ವಿಂಟೇಜ್‌ಗೆ ಮಾತ್ರ ಏನೂ ಹೊಳೀಲಿಲ್ಲ, ಹಾಗೇ ಬಿಡೋಣ ಅನ್ನಿಸ್ತಿದೆ.

ಇನ್ನು ಭಾಗಗಳ ಹೆಸರು. ಇಲ್ಲಿ ನಾನು ಹೆಚ್ಚು ಹೊತ್ತು ಕೂತಿದ್ದು ಡಿಕ್ಕಿ ಮೇಲೆ. ನಾವೆಲ್ಲ ಕಾರಿನ ಹಿಂದೆ ಸಾಮಾನು ಇಡೋ ಜಾಗಕ್ಕೆ ಡಿಕ್ಕಿ ಅಂತೀವಲ್ಲ, ಅದು ಮೊದಲು ಸಾಮಾನಿನ ಜಾಗನೇ ಅಲ್ಲ, ಸೀಟು! ಕುದುರೆ ಗಾಡಿಯಲ್ಲಿ ಗಾಡಿ ಹೊಡೆಯೋನು ಅಥವಾ ಹಿಂದೆ ಆಳು ಕೂರೋ ಜಾಗಕ್ಕೆ ಇಂಗ್ಲಿಷಿನಲ್ಲಿ ಡಿಕ್ಕಿ ಅಂತಿದ್ರು, ಆಮೇಲೆ ಇಬ್ಬರೇ ಕೂರೋ ಕಾರುಗಳ ಹಿಂಬದಿಯಲ್ಲಿ ಮುಚ್ಚಳ ತೆಗೆದ್ರೆ ಬಯಲಲ್ಲಿ ತೆರೆದುಕೊಳ್ಳೋ ಹೆಚ್ಚಿನ ಸೀಟಿಗೂ ಅದೇ ಹೆಸರು. ಅಮೆರಿಕದವರು ಅದನ್ನ ರಂಬಲ್ ಸೀಟ್ ಅಂತಾರೆ. ಸೀಟು ಹೋಯ್ತು, ಆ ಜಾಗದಲ್ಲಿ ಪೆಟ್ಟಿಗೆ ಬಂತು, ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳೀತು. ‘ಡಿಕ್ಕಿ ಹೊಡೆದ’ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ, ಅದು ಬೇರೆ ಪದ.

ಫೋಟೊ ನೋಡಿ ಸೀಟಾ ಪೆಟ್ಟಿಗೆನಾ ಅಂತ ಹೇಳೋದು ಹೇಗೆ ಅಂದ್ರೆ, ಹಿಂದಿನ ಮುಚ್ಚಳದ ಹಿಡಿ ನೋಡ್ಬೇಕು. ಹಿಡಿ ಮೇಲ್ತುದಿಯಲ್ಲಿದ್ರೆ ಸಾಮಾನ್ಯವಾಗಿ ಅದು ಸೀಟು, ಯಾಕಂದ್ರೆ ಮುಚ್ಚಳ ಕೆಳಗಿನ ಕೀಲಿನ ಮೇಲೆ ಹಿಂದಕ್ಕೆ ಮಲಗುತ್ತೆ, ಅದರ ಒಳಮೈಯೇ ಬೆನ್ನಿಗೆ ಒರಗು. ಹಿಡಿ ಕೆಳಗಿದ್ರೆ ಸಾಮಾನಿನ ಪೆಟ್ಟಿಗೆ, ಮುಚ್ಚಳ ಮೇಲಕ್ಕೆ ಏಳುತ್ತೆ. ಜೊತೆಗೆ ಹಿಂದಿನ ಮಡ್‌ಗಾರ್ಡ್ ಮೇಲೆ ಒಂದು ಪುಟ್ಟ ಗುಂಡನೆ ತಟ್ಟೆ ಇದ್ರೆ ಅದು ಹತ್ತೋಕೆ ಕಾಲಿಡೋ ಮೆಟ್ಟಿಲು. ನಮ್ಮ ಒಂದು ಫೋಟೊದಲ್ಲಿ ಆ ತಟ್ಟೆ ಮಾತ್ರ ಇದೆ, ರಬ್ಬರಿನ ಗೆರೆ ಸವೆದು ನಡುವೆ ನುಣ್ಣಗಾಗಿದೆ, ಎಷ್ಟು ಜನ ಕಾಲಿಟ್ಟು ಹತ್ತಿರ್ಬೇಕು ಅಂತ ನೋಡ್ತಾನೇ ಇದ್ದೆ.

ಬಾನೆಟ್ ಪಕ್ಕದಲ್ಲಿ ಬಿಸಿ ಗಾಳಿ ಹೋಗೋಕೆ ಸಾಲಾಗಿ ಸೀಳು ಇರುತ್ತಲ್ಲ, ಅದಕ್ಕೆ ‘ಕಿವಿರು’ ಅಂತ ಬರೆದಿದೀನಿ, ಮೀನಿನ ಕಿವಿರಿನ ಹಾಗೇ ಕಾಣುತ್ತೆ, ಒಪ್ಪಿಗೆನಾ? ರೇಡಿಯೇಟರ್ ಮುಚ್ಚಳದ ಮೇಲಿನ ಗೊಂಬೆಗೆ, ಅಂದ್ರೆ ರೋಲ್ಸ್ ರಾಯ್ಸ್‌ನಲ್ಲಿ 1911ರಿಂದ ಬಂದ ಆ ರೆಕ್ಕೆ ಚಾಚಿದ ಹೆಣ್ಣು, ಹಿಸ್ಪಾನೊ ಸುಯಿಜಾ ಅನ್ನೋ ಕಾರಿನ ಕೊಕ್ಕರೆ, ಇವಕ್ಕೆಲ್ಲ ‘ಮುಡಿಗೊಂಬೆ’ ಅಂತ ಇಟ್ಟಿದೀನಿ. ‘ಲಾಂಛನ’ ಅಂದ್ರೆ ಚಪ್ಪಟೆ ಬಿಲ್ಲೆಗೂ ಇದಕ್ಕೂ ವ್ಯತ್ಯಾಸ ಉಳಿಯಲ್ಲ. ಫೋಕ್ಸ್‌ವ್ಯಾಗನ್ ಬೀಟಲ್‌ನ ಹಿಂದಿನ ಗಾಜು 1953ರವರೆಗೆ ನಡುವೆ ಪಟ್ಟಿ ಇದ್ದು ಎರಡು ಹೋಳು, ಆಮೇಲೆ 1957ರವರೆಗೆ ಮೊಟ್ಟೆಯಾಕಾರ, ಆ ಎರಡು ಹೋಳಿನದನ್ನ ‘ಒಡಕು ಗಾಜು’ ಅಂತ ಬರೆದ್ರೆ ಓದೋರು ಒಡೆದುಹೋದ ಗಾಜು ಅಂದ್ಕೊಳ್ತಾರೆ, ಅದಕ್ಕೆ ‘ಜೋಡಿ ಗಾಜು’ ಮಾಡಿದೆ.

ಈಗ ಉಳಿದಿದ್ದು ಆ ತಟ್ಟೆ ಫೋಟೊ. ‘ಡಿಕ್ಕಿಯ ಮೆಟ್ಟಿಲು’ ಅಂದ್ರೆ ಪೆಟ್ಟಿಗೆಗೆ ಮೆಟ್ಟಿಲು ಯಾಕೆ ಅಂತ ಕೇಳ್ತಾರೆ. ‘ಡಿಕ್ಕಿ ಸೀಟು’ ಅನ್ನೋ ಮಾತನ್ನ ನಿಮ್ಮ ಅಜ್ಜ ಅಜ್ಜಿ ಬಾಯಲ್ಲಿ ಯಾರಾದ್ರೂ ಕೇಳಿದೀರಾ? ಅಥವಾ ಅದಕ್ಕೆ ಬೇರೆ ಏನಾದ್ರೂ ಹೆಸರು ಹೇಳ್ತಿದ್ರಾ?